ಸಿಂದಗಿ ಶಂಕರೆಪ್ಪನ ಮಂಗಳಗ್ರಹದ ಯಂತ್ರ

ಸಿಂದಗಿಯ ಬಸ್‌ಸ್ಟ್ಯಾಂಡಿನಿಂದ ಪೇಟೆಯ ಕಡೆ ಹೊರಳುವ ದಾರಿಯಲ್ಲಿ ಶಂಕರೆಪ್ಪನ ಸೈಕಲ್ ಅಂಗಡಿ ಇತ್ತು. ಪಂಕ್ಚರ್ ತಿದ್ದುವುದು, ಸೈಕಲ್ ಬಾಡಿಗೆಗೆ ಕೊಡುವುದು ಹಗಲಿನ ಕೆಲಸ. ಮದುವೆ, ನಾಟಕಗಳಿಗೆ ಗ್ಯಾಸಬತ್ತಿ ಹೊತ್ತಿಸಿ ಕಳಿಸುವುದು ಸಂಜೆಯ ಕೆಲಸ. ತಂದೆಯ ಕಾಲದ ಹೊಲವನ್ನು ಅಣ್ಣ ಖಂಡೆಪ್ಪ ನೋಡಿಕೊಳ್ಳುತ್ತಿದ್ದ. ಶಂಕರೆಪ್ಪನ ಮನಸ್ಸು ಎಂದೂ ಹೊಲದಲ್ಲಿ ನಿಂತದ್ದಲ್ಲ. ಅದು ನಿಲ್ಲುತ್ತಿದ್ದುದು ನಾಟಕದ ಪರದೆಯ ಹಿಂದೆ. ಉರಿಯುವ ಪಂಜಿಗೆ ರಾಳದ ಪುಡಿ ತೂರಿ ಮಿಂಚು ಹೊಡೆಸುವುದು, ತಗಡು ಅಲುಗಾಡಿಸಿ ಗುಡುಗು ತರಿಸುವುದು, ದೇವಿಯ ತಲೆಯ ಹಿಂದೆ ಸೈಕಲ್ ಗಾಲಿಗೆ ಬಣ್ಣದ ಹಾಳೆ ಹಚ್ಚಿ ತಿರುಗಿಸುವುದು, ಇವೆಲ್ಲ ಸುತ್ತಲಿನ ಹಳ್ಳಿಗಳಲ್ಲಿ ಅವನೊಬ್ಬನಿಗೇ ಗೊತ್ತು ಎಂದು ಜನ ನಂಬಿದ್ದರು. ಅವನೂ ಹಾಗೇ ನಂಬಿದ್ದ.

ಮನುಷ್ಯ ಚಂದ್ರನ ಮೇಲೆ ಕಾಲಿಟ್ಟು ನಾಲ್ಕೈದು ವರ್ಷ ಕಳೆದಿದ್ದವು. ಮೋರಟಗಿಯ ಬಸಂತರಾಯ ಮಾಸ್ತರರು ‘ಮಂಗಳಗ್ರಹದ ಬೀಗರು’ ಎಂಬ ನಗೆನಾಟಕ ಬರೆದರು. ರೈತನೊಬ್ಬನ ಮಗಳನ್ನು ನೋಡಲು ಮಂಗಳಗ್ರಹದಿಂದ ಗಂಡಿನ ಕಡೆಯವರು ಬಂದು ಜೋಳದ ಹೊಲದಲ್ಲಿ ಇಳಿಯುತ್ತಾರೆ. ಅವರ ಜೊತೆಗೆ ಒಂದು ಯಂತ್ರ. ಯಾರಾದರೂ ಸುಳ್ಳು ಹೇಳಿದರೆ ಅದರ ದೀಪಗಳು ಹತ್ತಿಕೊಳ್ಳುತ್ತವೆ. ಹೊಲ ಎಷ್ಟು, ಎತ್ತು ಎಷ್ಟು, ಹುಡುಗಿಯ ವಯಸ್ಸು ಎಷ್ಟು ಎಂದು ಬೀಗರು ಕೇಳುತ್ತ ಹೋದಂತೆ ಯಂತ್ರ ಹತ್ತಿ ಹತ್ತಿ ಆರುತ್ತದೆ.

ಮಾಸ್ತರರು ನೇರವಾಗಿ ಶಂಕರೆಪ್ಪನ ಅಂಗಡಿಗೆ ಬಂದರು.

“ಶಂಕರೆಪ್ಪ, ಮಂಗಳಗ್ರಹದ್ದೊಂದು ಯಂತ್ರ ಆಗಬೇಕಲ್ಲೋ.”

“ಹೆಂಗ ಇರತೈತ್ರಿ ಅದು?”

“ನಾ ಏನ್ ಅಲ್ಲಿಗೆ ಹೋಗಿ ನೋಡಿ ಬಂದೇನೇನು? ನೀ ಮಾಡಿದಂಗ ಇರತೈತಿ.”

ಈ ಮಾತು ಶಂಕರೆಪ್ಪನ ತಲೆಗೆ ಹತ್ತಿತು. ಡಾಂಬರಿನ ಖಾಲಿ ಪೀಪಾಯಿ ತಂದು ಉಜ್ಜಿ ಬೆಳ್ಳಿಬಣ್ಣ ಬಳಿದ. ಗುಜರಿಯಿಂದ ಲಾರಿಯ ಇಂಡಿಕೇಟರ್ ಬಲ್ಬು, ಒಡೆದ ರೇಡಿಯೊದ ಮುಳ್ಳು, ಟಾರ್ಚಿನ ಕನ್ನಡಿ ಬಟ್ಟಲು ಆರಿಸಿ ತಂದ. ಮೇಲೆ ಕೊಡೆಯ ಕಡ್ಡಿಗಳನ್ನು ಕೋಡಿನಂತೆ ನಿಲ್ಲಿಸಿದ. ಬೀಗರ ತಲೆಗೆ ಅಲ್ಯುಮಿನಿಯಂ ಬೋಗುಣಿಗಳನ್ನು ಬೋರಲು ಹಾಕಿ, ಮುಂದೆ ಸಣ್ಣ ಬಲ್ಬು ಕೂಡಿಸಿ ಟೊಪ್ಪಿಗೆ ಮಾಡಿದ. ಒಳಗೆ ಲಾರಿಯ ಬ್ಯಾಟರಿ. ಗುಂಡಿ ಒತ್ತಿದರೆ ದೀಪಗಳೆಲ್ಲ ಒಟ್ಟಿಗೆ ಹತ್ತುತ್ತಿದ್ದವು, ಬಿಟ್ಟರೆ ಒಟ್ಟಿಗೆ ಆರುತ್ತಿದ್ದವು. ನಾಟಕದ ರಾತ್ರಿ ಸಿಂದಗಿಯ ಜನ ಅದನ್ನು ನೋಡಿ ಕೇಕೆ ಹಾಕಿದರು. ಮರುದಿನ ಅಂಗಡಿಗೆ ಬಂದವರೆಲ್ಲ ಪಂಕ್ಚರಿನ ಮಾತು ಬಿಟ್ಟು ಯಂತ್ರದ ಮಾತೇ ಆಡಿದರು. ಒಂದು ವರ್ಷ ಶಂಕರೆಪ್ಪ ನಡೆಯುವ ರೀತಿಯೇ ಬೇರೆಯಾಗಿತ್ತು.

ಆಮೇಲೆ ಒಂದು ದಿನ ಕುರಿ ಕಾಯುವ ಅಮಸಿದ್ದ ಸೈಕಲ್ಲಿನ ಟೈರು ತಿದ್ದಿಸಲು ಬಂದ. ಕುರಿ ಮಾರಲು ಇಂಡಿಗೆ ಹೋಗಿಬಂದಿದ್ದ.

“ಅಣ್ಣಾರ, ಇಂಡಿ ಹುಡುಗೂರೂ ನಿಮ್ಮ ಬೀಗರ ನಾಟಕ ಆಡ್ಯಾರ್ರಿ. ನಿಮ್ಮ ಯಂತ್ರ ಚಲೋ ಐತಿ ಬಿಡ್ರಿ. ಆದ್ರ ಅಲ್ಲಿದು ನೋಡಬೇಕ್ರಿ! ದೀಪಾ ಒಂದರ ಬೆನ್ನಿಗೊಂದು ಓಡತಾವು. ಇರವಿ ಸಾಲು ಹರದಂಗ.”

ಶಂಕರೆಪ್ಪ ಟ್ಯೂಬನ್ನು ನೀರಲ್ಲಿ ಅದ್ದಿಕೊಂಡೇ ಕೇಳಿದ: “ಯಾರು ಮಾಡ್ಯಾರ?”

“ನಬಿಲಾಲ ಅಂತ್ರಿ. ರೇಡಿಯೊ ರಿಪೇರಿ ಮಾಡತಾನ. ಇನ್ನಾ ಸಣ್ಣ ವಯಸ್ಸಿನಾಂವ.”

ದೀಪ ಓಡುವುದಕ್ಕಿಂತ ಸಣ್ಣ ವಯಸ್ಸಿನವನು ಎಂಬುದೇ ಅವನಿಗೆ ಹೆಚ್ಚು ಚುಚ್ಚಿತು. ಗುಳ್ಳೆ ಬರುತ್ತಿದ್ದ ತೂತನ್ನು ಬಿಟ್ಟು ಬೇರೆ ಕಡೆ ತೇಪೆ ಹಚ್ಚಿ ಕಳಿಸಿದ. ಅಮಸಿದ್ದ ದಾರಿಯಿಂದಲೇ ಸೈಕಲ್ ನೂಕಿಕೊಂಡು ಹಿಂದಕ್ಕೆ ಬರಬೇಕಾಯಿತು.

ಇಂಡಿಯಲ್ಲಿ ನಾಟಕ ಮತ್ತೆ ಆಡುತ್ತಾರೆಂದು ಗೊತ್ತಾದ ದಿನ ಶಂಕರೆಪ್ಪ ಹೆಂಡತಿಗೆ ಸೈಕಲ್ ಸಾಮಾನು ತರಲು ಹೋಗುತ್ತೇನೆಂದು ಹೇಳಿ ಬಸ್ಸು ಹತ್ತಿದ. ಹೊತ್ತು ಮುಳುಗುವಾಗ ಜನರ ನಡುವೆ ಹೋಗಿ ಕುಳಿತ. ಪರದೆ ಎದ್ದಿತು. ಯಂತ್ರ ಅವನದಕ್ಕಿಂತ ದೊಡ್ಡದೇನೂ ಅಲ್ಲ, ಹಳೆಯ ಕಪಾಟಿಗೆ ತಗಡು ಹೊಡೆದದ್ದು. ನೋಡಿ ಸಮಾಧಾನವಾಯಿತು. ಅಷ್ಟರಲ್ಲಿ ರೈತನ ಪಾತ್ರಧಾರಿ “ನಮ್ಮದು ನೂರ ಎಕರೆ ಐತ್ರಿ” ಎಂದ. ಯಂತ್ರದ ಮುಖದ ಮೇಲೆ ಕೆಂಪು, ಹಸಿರು, ಹಳದಿ ದೀಪಗಳು ಸುತ್ತು ಹಾಕಿ ಓಡತೊಡಗಿದವು. ಮೊದಲು ನಿಧಾನ, ಆಮೇಲೆ ಜೋರು. ರೈತ ಗಾಬರಿಯಾಗಿ “ಐವತ್ತು... ಹತ್ತು... ಎರಡು ಎಕರೆ!” ಎನ್ನುತ್ತ ಇಳಿದ ಹಾಗೆ ದೀಪಗಳೂ ಸಾವಕಾಶವಾಗಿ ನಿಂತವು. ಜನ ಎದ್ದು ನಿಂತು ಸೀಟಿ ಹೊಡೆದರು.

ಪಕ್ಕದವನು ಶಂಕರೆಪ್ಪನ ಭುಜ ತಟ್ಟಿದ. “ಕಾಕಾ, ಚಪ್ಪಾಳಿ ಹೊಡೀರಿ!”

“ಕೈ ನೋಯಾಕತ್ತಾವಪ್ಪಾ” ಎಂದ ಶಂಕರೆಪ್ಪ. ಆ ಯಂತ್ರ ನಿಜಕ್ಕೂ ಸುಳ್ಳು ಹಿಡಿಯುವಂಥದಾಗಿದ್ದರೆ ಈಗ ದೀಪಗಳು ಮತ್ತೆ ಓಡತೊಡಗುತ್ತಿದ್ದವು ಎಂದು ಅವನಿಗೇ ಅನ್ನಿಸಿತು.

ಅಲ್ಲಿಂದ ಬಂದವನು ಬೇರೆ ಮನುಷ್ಯನೇ ಆದ. ಊಟ ರುಚಿಸಲಿಲ್ಲ. ಗಿರಾಕಿಗಳ ಮೇಲೆ ಸಿಡುಕಿದ. ದೀಪ ಓಡಿಸಲು ಬೆರಳಿಗೊಂದರಂತೆ ಗುಂಡಿ ಹಾಕಿ ಒತ್ತಿ ನೋಡಿದ, ಬೆರಳು ತೊಡರಿದವು. ಸೈಕಲ್ ಗಾಲಿಗೆ ತಂತಿ ಸುತ್ತಿ ತಿರುಗಿಸಿದ. ಕಿಡಿ ಹಾರಿ, ಒಣಗಲು ಹಾಕಿದ್ದ ಹೆಂಡತಿ ಸಿದ್ದಲಿಂಗವ್ವನ ಸೀರೆಗೆ ತೂತು ಬಿತ್ತು. ಅವಳು ಆ ತೂತಿನಲ್ಲಿ ಬೆರಳಾಡಿಸಿ ನೋಡಿ, ಸೀರೆ ಮಡಚಿಕೊಂಡು ಒಳಗೆ ಹೋದಳು.

ಯಾರಾದರೂ ಇಂಡಿಯ ಸುದ್ದಿ ಎತ್ತಿದರೆ ಶಂಕರೆಪ್ಪ, “ಅಂವ ಏನ್ ಮಾಡ್ಯಾನ? ಮುಂಬಯಿಂದ ತಯಾರ ಮಾಲು ತರಿಸಿ ತಗಡಿನ್ಯಾಗ ಇಟ್ಟಾನ” ಎನ್ನುತ್ತಿದ್ದ. ಹೇಳಿ ಹೇಳಿ ಅವನೇ ಅದನ್ನು ನಂಬಿದ.

ಇಷ್ಟಾದ ಮೇಲೆ ಮಾಸ್ತರರು ಬಂದರು. ಮುಖ ನೋಡಿದ ಕೂಡಲೇ ಶಂಕರೆಪ್ಪನಿಗೆ ಏನೋ ಕೆಟ್ಟದ್ದು ಅನ್ನಿಸಿತು.

“ಬಸವನ ಬಾಗೇವಾಡ್ಯಾಗ ನಮ್ಮ ನಾಟಕ ಐತೋ. ಅಲ್ಲಿ ಮಂದಿ ಓಡೂ ದೀಪಾನ ಬೇಕಂತ ಹಟಾ ಹಿಡದಾರ. ಯಂತ್ರ ನಬಿಲಾಲಂದು ಇರಲಿ. ನಿನ್ನ ಟೊಪಿಗಿ ಅಷ್ಟು ಕೊಡು. ಅಂಥಾ ಟೊಪಿಗಿ ಅವನ ಕಡೆ ಇಲ್ಲಂತ.”

“ಟೊಪಿಗಿ ಹೊಲಿಯಾಂವನ್ನ ಮಾಡಿದ್ರಿ ನನ್ನ.”

“ಹಂಗ್ಯಾಕ ಅಂತಿ? ಸಿಟ್ಟಾಗಬ್ಯಾಡ.”

“ಸಿಟ್ಟೇನಿಲ್ರಿ. ಟೊಪಿಗಿ ನಾನ ತಗೊಂಡು ಬರ್ತೇನಿ.”

ಅವನ ಲೆಕ್ಕ ಬೇರೆ ಇತ್ತು. ಆ ಕಪಾಟಿನ ಒಳಗೆ ಒಂದು ಸಲ ಇಣುಕಿದರೆ ಸಾಕು, ಮುಂಬಯಿಯ ಮಾಲು ಸಿಗುತ್ತದೆ; ಸಿಕ್ಕರೆ ಬಾಗೇವಾಡಿಯ ಎಲ್ಲರೆದುರು ನಬಿಲಾಲನ ಮಾನ ಕಳೆಯಬಹುದು.

ಬಾಗೇವಾಡಿಯಲ್ಲಿ ನಾಟಕದ ಸಾಮಾನನ್ನೆಲ್ಲ ಒಂದು ಶಾಲೆಯ ಪಡಸಾಲೆಯಲ್ಲಿ ಇಳಿಸಿದ್ದರು. ಮಧ್ಯಾಹ್ನದ ಹೊತ್ತು. ಬೋಗುಣಿಗಳ ಗಂಟು ಹೊತ್ತು ಹೋದ ಶಂಕರೆಪ್ಪನನ್ನು ಕಂಡು, ತೆಳ್ಳಗಿನ ಒಬ್ಬ ಹುಡುಗನಂಥವನು ಓಡಿಬಂದು ಗಂಟು ಇಸಿದುಕೊಂಡ.

“ಸಿಂದಗಿ ಶಂಕರೆಪ್ಪಣ್ಣಾರ ಅಲ್ರಿ? ನಾ ನಬಿಲಾಲ. ನಿಮ್ಮ ಪೀಪಾಯಿ ಯಂತ್ರ ನೋಡಾಕ ನಾನು, ನಮ್ಮಾಕಿ ಇಬ್ರೂ ಸಿಂದಗಿಗೆ ಬಂದಿದ್ವಿರಿ. ಅದನ್ನ ನೋಡೇ ನಮಗ ಹುಚ್ಚು ಹಿಡಿದಿದ್ದು.”

ಹೊಗಳಿಕೆಯನ್ನು ಎಲ್ಲಿ ಇಡಬೇಕೆಂದು ಶಂಕರೆಪ್ಪನಿಗೆ ತಿಳಿಯಲಿಲ್ಲ. “ಒಳಗ ಏನೈತಿ?” ಎಂದು ನೇರವಾಗಿಯೇ ಕೇಳಿಬಿಟ್ಟ.

“ನೋಡ್ರಿ, ಬರ್ರಿ!” ನಬಿಲಾಲ ಕಪಾಟಿನ ಹಿಂದಿನ ಬಾಗಿಲು ತೆರೆದ.

ಒಳಗೆ ಮಣೆಯ ಮೇಲೆ ಒಬ್ಬ ಹೆಣ್ಣುಮಗಳು ಕುಳಿತಿದ್ದಳು. ತಲೆಯ ಸೆರಗು ಸರಿ ಮಾಡಿಕೊಂಡು, “ಬರ್ರಿ ಅಣ್ಣಾರ” ಎಂದಳು. ಅವಳ ಎದುರಿಗೆ ಹೊಲಿಗೆ ಯಂತ್ರದ ಕೈಗಾಲಿ, ಅದಕ್ಕೆ ಜೋಡಿಸಿದ ಲಟ್ಟಣಿಗೆ. ಲಟ್ಟಣಿಗೆಯ ಮೈಗೆ ಬಳ್ಳಿ ಸುತ್ತಿದ ಹಾಗೆ ಮೊಳೆ ಹೊಡೆದು, ಮೊಳೆಯಿಂದ ಮೊಳೆಗೆ ತಾಮ್ರದ ತಂತಿ ಎಳೆದಿದ್ದರು. ಮೇಲೆ ಸಾಲಾಗಿ ತಗಡಿನ ನಾಲಿಗೆಗಳು. ಅವಳು ಗಾಲಿ ತಿರುಗಿಸಿದಳು. ಒಂದೊಂದೇ ಮೊಳೆ ಒಂದೊಂದೇ ನಾಲಿಗೆಯನ್ನು ಮುಟ್ಟುತ್ತ ಹೋಯಿತು. ಹೊರಗೆ ದೀಪ ಓಡಿತು.

“ನಮ್ಮಾಕಿ ಸೈದಾಬಿ” ಎಂದ ನಬಿಲಾಲ. “ಇದು ಆಕೀ ತಲೀನ್ರಿ. ಮಶೀನ್ದಾಗ ಸೂಜಿ ಒಂದೊಂದ ತೂತಿಗೆ ಇಳಿಯೂದು ನೋಡಿ, ಹಂಗ ದೀಪಾ ಯಾಕ ಹತ್ತಬಾರ್ದು ಅಂದ್ಳು.”

“ಮತ್ತ ಇವ್ರ ಬೆಸುಗೆ ನೋಡ್ರಿ” ಎಂದು ಸೈದಾಬಿ ಒಂದು ತಂತಿ ಎಳೆದಳು. ಅದು ಕೈಗೇ ಬಂತು. “ಉಗುಳಿ ಹಚ್ಚಿದಂಗ ಹಚ್ಚತಾರ.” ಇಬ್ಬರೂ ನಕ್ಕರು. ನಬಿಲಾಲ ಕಪಾಟಿನೊಳಗೆ ತಲೆ ತೂರಿಸಿ ತಂತಿ ಹಿಡಿದ, ಅವಳು ಕಾದ ಸಲಾಕೆ ಒತ್ತಿದಳು, ಇಬ್ಬರೂ ಒಂದೇ ಉಸಿರಿಗೆ ಊದಿ ಬೆಸುಗೆ ಆರಿಸಿದರು. ಶಂಕರೆಪ್ಪ ಅಲ್ಲಿ ನಿಂತಿದ್ದಾನೆಂಬುದು ಅಷ್ಟು ಹೊತ್ತು ಅವರಿಗೆ ನೆನಪೇ ಇರಲಿಲ್ಲ.

ಗುಟ್ಟು ಸಿಕ್ಕಿತ್ತು, ಅದೂ ಕೇಳಿದ ಕೂಡಲೇ. ಹೊಟ್ಟೆಯ ಉರಿ ತಣ್ಣಗಾಗಬೇಕಿತ್ತು. ಆಗಲಿಲ್ಲ. ನಾಟಕ ಮುಗಿದು ಬಸ್ಸಿನಲ್ಲಿ ಕುಳಿತು ಬರುವಾಗ ಅವನಿಗೆ ಲಟ್ಟಣಿಗೆ ನೆನಪಾಗಲಿಲ್ಲ. ಆ ಇಬ್ಬರು ಒಂದೇ ತಂತಿಗೆ ಬಾಗಿ ಊದಿದ್ದು ನೆನಪಾಯಿತು. ತನ್ನ ಪೀಪಾಯಿಯ ಒಳಗೆ ಬ್ಯಾಟರಿ ಬಿಟ್ಟರೆ ಮತ್ತೇನೂ ಇರಲಿಲ್ಲ.

ಮನೆಗೆ ಬಂದು ಎರಡು ದಿನ ಪೀಪಾಯಿಯ ಹತ್ತಿರ ಹೋಗಲಿಲ್ಲ. ಮೂರನೆಯ ದಿನ ರೊಟ್ಟಿ ಬಡಿಯುತ್ತಿದ್ದ ಸಿದ್ದಲಿಂಗವ್ವ ತಾನೇ ಕೇಳಿದಳು.

“ಬಾಗೇವಾಡ್ಯಾಗ ಏನರ ಆತೇನ್ರಿ?”

ಅವನು ಎಲ್ಲ ಹೇಳಿದ. ಕಪಾಟು, ಸೈದಾಬಿ, ಲಟ್ಟಣಿಗೆ. ಸಿದ್ದಲಿಂಗವ್ವ ರೊಟ್ಟಿಯನ್ನು ಹಂಚಿನ ಮೇಲೆ ಹಾಕಿ, ಮೇಲೆ ನೀರು ಸವರಿದಳು.

“ಆಕೀ ಗಂಡ ಆಕೀನ್ನ ಕೆಲಸಕ್ಕ ಕರದಾ?”

“ಕರದಿರಬೇಕು.”

“ನೀವು ಕರದೀರೇನು? ಅಂಗಡಿ, ಮನಿ ನಡುವ ಒಂದ ಗ್ವಾಡಿ ಐತಿ. ಮಗಳು ಗಂಡನ ಮನಿಗೆ ಹ್ವಾದ ಮ್ಯಾಲ ಆ ಗ್ವಾಡೀನ ನೋಡ್ಕೋತ ಕುಂತೇನಿ. ಆ ಕಡೆ ನೀವು ಪೀಪಾಯಿ ಜೋಡಿ ಮಾತಾಡಾಕತ್ತಿರತೀರಿ, ನಗಾಕತ್ತಿರತೀರಿ. ನನಗ ಆ ಪೀಪಾಯಿ ಮ್ಯಾಲ ಎಷ್ಟು ಹೊಟ್ಟಿ ಉರೀತಿತ್ತು ನಿಮಗ ಗೊತ್ತೈತೇನು? ಸೀರಿ ಸುಟ್ಟ ದಿನಾ ಅದನ್ನ ಬಾವ್ಯಾಗ ಹಾಕಬೇಕಂತ ಮಾಡಿದ್ದೆ.”

ರೊಟ್ಟಿ ಸೀಯುತ್ತಿತ್ತು. ಅವಳು ಅದನ್ನು ಮಗುಚಿಹಾಕಿದಳು. ಮಂಗಳಗ್ರಹದ ಪೀಪಾಯಿಯ ಮೇಲೆ ಯಾರಿಗಾದರೂ ಹೊಟ್ಟೆಕಿಚ್ಚು ಇರಬಹುದೆಂದು ಶಂಕರೆಪ್ಪನಿಗೆ ಎಂದೂ ಹೊಳೆದಿರಲಿಲ್ಲ. ಅವನು, “ಊಟ ಆದ ಮ್ಯಾಲ ಆ ಕಡೆ ಬಾ. ಒಂದ ತಂತಿ ಹಿಡೀಬೇಕಾಗೇತಿ” ಎಂದ.

ಸಿದ್ದಲಿಂಗವ್ವ ಸೈದಾಬಿಯಂತೆ ಚುರುಕಲ್ಲ. ಕೆಂಪು ತಂತಿ, ಕಪ್ಪು ತಂತಿ ಅದಲುಬದಲು ಮಾಡಿದಳು. ಬೆರಳು ಸುಟ್ಟುಕೊಂಡಳು. ಶಂಕರೆಪ್ಪ ಬೈದ, ಅವಳು ತಿರುಗಿ ಬೈದಳು. ಆದರೆ ಬರುವುದನ್ನು ಬಿಡಲಿಲ್ಲ. ಓಡುವ ದೀಪ ಮಾಡಿದರೆ ಇಂಡಿಯವರ ನಕಲು ಅನ್ನುತ್ತಾರೆ, ಅದು ಬೇಡ ಎಂದವಳೂ ಅವಳೇ. “ಓಡೂದು ಬ್ಯಾಡ್ರಿ. ಜೀವ ಇದ್ದಂಗ ಇರಲಿ. ಮಲಗಿದ ಕೂಸಿನ ಹೊಟ್ಟಿ ಏರಿ ಇಳದಂಗ.”

ಉಪ್ಪುನೀರಿನಲ್ಲಿ ದೀಪವನ್ನು ಸಣ್ಣ ದೊಡ್ಡ ಮಾಡುವ ವಿದ್ಯೆಯನ್ನು ಶಂಕರೆಪ್ಪ ಹಿಂದೆ ಒಂದು ಕಂಪನಿ ನಾಟಕದ ತಂಬುವಿನಲ್ಲಿ ನೋಡಿದ್ದ. ಸಿದ್ದಲಿಂಗವ್ವನ ಉಪ್ಪಿನಕಾಯಿಯ ಭರಣಿ ತೊಳೆದು ನೀರು ತುಂಬಿದರು. ಸತ್ತ ಸೆಲ್ಲುಗಳನ್ನು ಒಡೆದು ಒಳಗಿನ ಕರಿಯ ಕಡ್ಡಿ ತೆಗೆದು ತಂತಿಗೆ ಕಟ್ಟಿದರು. ಉಪ್ಪು ಎಷ್ಟು ಎಂಬುದನ್ನು ಅವಳೇ ಮುಷ್ಟಿಯಲ್ಲಿ ಹಾಕಿ ಹಾಕಿ ನೋಡಿದಳು. ಕಡ್ಡಿಯನ್ನು ನೀರಿಗೆ ಇಳಿಸಿದರೆ ಬಲ್ಬು ಮೆಲ್ಲಗೆ ಅರಳುತ್ತಿತ್ತು. ಎತ್ತಿದರೆ ಮೆಲ್ಲಗೆ ಮುದುಡುತ್ತಿತ್ತು. ಶಂಕರೆಪ್ಪನ ಕೈಯಲ್ಲಿ ಅದು ಜರ್ಕು ಹೊಡೆಯುತ್ತಿತ್ತು. ಅವಳ ಕೈಯಲ್ಲಿ ಉಸಿರಾಡುತ್ತಿತ್ತು.

ಮುದ್ದೇಬಿಹಾಳದ ಕಡೆಯ ನಾಲತವಾಡದಲ್ಲಿ ನಾಟಕ ನಿಗದಿಯಾಯಿತು. ಶಂಕರೆಪ್ಪ ಮಾಸ್ತರರ ಮುಂದೆ ಹಟ ಹಿಡಿದು ತನ್ನ ಯಂತ್ರವನ್ನೇ ಇಡಿಸಿದ. ನಬಿಲಾಲನಿಗೆ ನೋಡಲು ಬರಬೇಕೆಂದು ಹೇಳಿಯೂ ಕಳಿಸಿದ. ಸಂಜೆ ಗಂಡ ಹೆಂಡತಿ ಇಬ್ಬರೂ ಬಂದು ಮುಂದೆ ಕುಳಿತರು. ಸಿದ್ದಲಿಂಗವ್ವ ಭರಣಿ ಹಿಡಿದು ಪೀಪಾಯಿಯ ಹಿಂದೆ ಅಡಗಿ ಕುಳಿತಳು. ಈ ಸಲ ಸುಳ್ಳಿಗೆ ಯಂತ್ರ ಮಿಣಮಿಣ ಅನ್ನಲಿಲ್ಲ. ನಿಟ್ಟುಸಿರು ಬಿಟ್ಟ ಹಾಗೆ ಕೆಂಪಗೆ ಉಬ್ಬಿ, ತಡೆದು, ಇಳಿಯಿತು. ಜನ ಕತ್ತು ಚಾಚಿ ನೋಡಿದರು. ಆಮೇಲೆ ಚಪ್ಪಾಳೆ ಬಿತ್ತು.

ಶಂಕರೆಪ್ಪ ಜನರನ್ನು ನೋಡಲಿಲ್ಲ. ಪರದೆಯ ಸಂದಿಯಿಂದ ನಬಿಲಾಲನ ಮುಖವನ್ನೇ ನೋಡುತ್ತಿದ್ದ. ಒಂದು ಗೆರೆಯಾದರೂ ಹೊಟ್ಟೆಕಿಚ್ಚು ಕಂಡರೆ ಸಾಕಿತ್ತು. ನಬಿಲಾಲ ಎಲ್ಲರಿಗಿಂತ ಜೋರಾಗಿ ಚಪ್ಪಾಳೆ ಹೊಡೆಯುತ್ತಿದ್ದ. ಆಟ ಮುಗಿದ ಮೇಲೆ ಬಂದು, “ಏನ್ ಹಿಕಮತ್ತು ಅಣ್ಣಾರ!” ಎಂದು ಕೈ ಹಿಡಿದುಕೊಂಡ. ಅಷ್ಟು ನಿರ್ಮಲವಾಗಿ ಸಂತೋಷಪಡಲು ಬರುವ ಮನುಷ್ಯನನ್ನು ಕಂಡು ಶಂಕರೆಪ್ಪನಿಗೆ ಮೊದಲಿಗಿಂತ ಹೆಚ್ಚು ಹೊಟ್ಟೆಕಿಚ್ಚಾಯಿತು.

ಮರುದಿನ ಸಿಂದಗಿಯ ಬಸ್ಸಿನಲ್ಲಿ ಅವನು ಗಂಟುಮುಖ ಹಾಕಿಕೊಂಡು ಕುಳಿತಿದ್ದ. ಸಿದ್ದಲಿಂಗವ್ವ ಪಕ್ಕಕ್ಕೆ ಬಾಗಿದಳು.

“ನೀವು ಬರೇ ಅವನ ಮಕಾ ನೋಡಿದ್ರಿ. ಆಕೀ ಮಕಾ ನೋಡಿದ್ರೇನು?”

“ಯಾಕ?”

“ಪೀಪಾಯಿ ತೂತಿನ್ಯಾಗಿಂದ ನಾ ನೋಡಾಕತ್ತಿದ್ದೆ. ದೀಪಾ ಇಳಿಯೂ ಮುಂದ ಸೈದಾಬಿ ತುಟಿ ಕಚ್ಚಿ ಗಂಡಗ ಚೂಟಿದ್ಳು. ‘ನಮಗ್ಯಾಕ ಇದು ಹೊಳೀಲಿಲ್ಲ’ ಅಂತ ಅಂದಿರಬೇಕು ನೋಡ್ರಿ.”

“ಖರೇನು?”

“ಖರೇನ. ಎರಡ ಸಲಾ ಚೂಟಿದ್ಳು.”

ಶಂಕರೆಪ್ಪ ಕಿಟಕಿಯ ಕಡೆ ತಿರುಗಿ ಮೀಸೆಯೊಳಗೆ ನಕ್ಕ. ಆ ದಿನ ಮನೆಗೆ ಬಂದು, ತಿಂಗಳುಗಟ್ಟಲೆ ಇಲ್ಲದ ಹಸಿವೆಯಿಂದ ಊಟ ಮಾಡಿದ.

ಮೂರು ವರ್ಷ ಹೀಗೇ ನಡೆಯಿತು. ಇಂಡಿಯವರು ಒಂದು ಮಾಡಿದರೆ ಸಿಂದಗಿಯವರು ಇನ್ನೊಂದು. ತಲೆ ಹೊರಳಿಸುವ ತಗಡಿನ ಆಳು ಇಂಡಿಯಿಂದ ಬಂದ. ಒಳಗಿನಿಂದ ಬೆಳಗುವ ಮಂಗಳಗ್ರಹದ ಕುಂಬಳಕಾಯಿ ಸಿಂದಗಿಯಿಂದ ಹೊರಟಿತು. ನಬಿಲಾಲನ ಪ್ರತಿಯೊಂದು ಹೊಸ ಯಂತ್ರಕ್ಕೂ ಶಂಕರೆಪ್ಪ ಒಂದು ವಾರ ಸಿಡುಕುತ್ತಿದ್ದ, ಆಮೇಲೆ ಹೆಂಡತಿಯನ್ನು ಅಂಗಡಿಗೆ ಕರೆಯುತ್ತಿದ್ದ.

ಎಪ್ಪತ್ತರ ದಶಕದ ಕೊನೆಗೆ ನಬಿಲಾಲ, ಸೈದಾಬಿ ಸೊಲ್ಲಾಪುರಕ್ಕೆ ಹೋಗಿ ಅಲ್ಲೇ ರೇಡಿಯೊ ಅಂಗಡಿ ಹಾಕಿದರು. ಸುದ್ದಿ ಕೇಳಿ ಶಂಕರೆಪ್ಪ “ಹೋಗಲಿ, ಪೀಡಾ ತಪ್ಪಿತು” ಎಂದ. ಆಮೇಲೆ ಅವನು ಒಂದೂ ಹೊಸ ಯಂತ್ರ ಮಾಡಲಿಲ್ಲ. ಮಾಸ್ತರರು ಬಂದು ಕೇಳಿದಾಗ, “ಯಾರಿಗೆ ತೋರಸೂನ್ರಿ?” ಎಂದುಬಿಟ್ಟ. ಸಿದ್ದಲಿಂಗವ್ವ ಮಾತ್ರ ಅಂಗಡಿಗೆ ಬರುವುದನ್ನು ಬಿಡಲಿಲ್ಲ. ಮದುವೆಗಳಿಗೆ ಬಣ್ಣದ ದೀಪದ ಸರ ಕೊಡುವ ಕೆಲಸ ಅವರಿಬ್ಬರ ಕೈಗೆ ಹತ್ತಿತು. ಬಲ್ಬು ಪೋಣಿಸುವುದು ಅವಳು, ಕಂಬಕ್ಕೆ ಕಟ್ಟುವುದು ಅವನು. ಯಾರಾದರೂ ಸೊಲ್ಲಾಪುರದಿಂದ ಬಂದವರು ಸಿಕ್ಕರೆ ಶಂಕರೆಪ್ಪ ಚಹಾ ಕುಡಿಸಿ, ನಬಿಲಾಲ ಏನು ಮಾಡುತ್ತಿದ್ದಾನೆ, ಹೊಸದೇನಾದರೂ ಮಾಡಿದ್ದಾನೆಯೇ ಎಂದು ಕೇಳುತ್ತಿದ್ದ. ಏನೂ ಇಲ್ಲ, ರೇಡಿಯೊ ರಿಪೇರಿಯಷ್ಟೇ ಎಂದು ಅವರು ಹೇಳಿದರೆ ಅವನ ಮುಖ ಸಪ್ಪಗಾಗುತ್ತಿತ್ತು.