ಜೇಕಿನ ಗೆರೆ

ಹೊಳನಗದ್ದೆಯಲ್ಲಿ ನಮ್ಮ ಗದ್ದೆಯ ಪಡುಬದಿಗೆ ಒಂದು ಕೆರೆಯಿದೆ. ಕೆರೆ ಎಂದದ್ದು ಮರ್ಯಾದೆಗೆ. ಏಪ್ರಿಲ್‌ನಲ್ಲಿ ಬಂದವರಿಗೆ ದನ ಮೇಯುವ ಬಯಲಷ್ಟೇ ಕಾಣುತ್ತದೆ. ಜೂನ್‌ನಲ್ಲಿ ತುಂಬಿ, ದೀಪಾವಳಿ ಕಳೆದ ಮೇಲೆ ಇಳಿಯತೊಡಗುತ್ತದೆ. ಬೇಸಿಗೆಯಲ್ಲಿ ನಿಂತು ಅದರ ನೀರು ಎಲ್ಲಿಯವರೆಗೆ ಬರುತ್ತದೆಂದು ತಿಳಿಯಬೇಕಾದರೆ ಹುಲ್ಲು ನೋಡಬೇಕು. ನಡುವಿನ ತಗ್ಗಿನಲ್ಲಿ ಆಳೆತ್ತರದ ಆಪು ಹುಲ್ಲು. ಅದರ ಸುತ್ತ ಜೇಕು. ದಂಟನ್ನು ಬೆರಳಲ್ಲಿ ಹೊರಳಿಸಿದರೆ ಮೂರು ಮೂಲೆ ತಾಗುತ್ತವೆ. ಜೇಕು ಮುಗಿದಲ್ಲಿಂದ ಗರಿಕೆ. ಜೇಕಿಗೂ ಗರಿಕೆಗೂ ನಡುವಿನ ಗೆರೆ ನಾನು ಕಂಡಂತೆ ಒಂದು ಗೇಣೂ ಅತ್ತಿತ್ತ ಸರಿದಿಲ್ಲ. ನೀರು ಬಂದು ನಿಲ್ಲುವುದು ಅಲ್ಲಿಗೇ. ನಮ್ಮೂರಲ್ಲಿ ಮನೆ ಕಟ್ಟುವವರು ಮೊದಲು ಅದನ್ನು ನೋಡುತ್ತಾರೆ, ವಾಸ್ತು ಗೀಸ್ತು ಎಲ್ಲ ಆಮೇಲೆ.

ಹೈಸ್ಕೂಲಿನಲ್ಲಿ ವಿಜ್ಞಾನ ಕಲಿಸುತ್ತಿದ್ದ ನಾನು ಪ್ರತಿವರ್ಷ ಮಕ್ಕಳನ್ನು ದಂಡೆಗೆ ಕರೆದೊಯ್ದು ಈ ಗೆರೆಯನ್ನು ತೋರಿಸುತ್ತಿದ್ದೆ. ಗಮನ ಕೊಡದವರ ಕಿವಿ ಹಿಂಡಿದ್ದೂ ಉಂಟು. ಹಾಗಾಗಿ ಗೊತ್ತಿರಲಿಲ್ಲ ಎನ್ನುವ ದಾರಿ ನನಗಿಲ್ಲ.

ನಿವೃತ್ತಿಯಾದ ವರ್ಷ, ನೀರಿಳಿದ ಮೇಲೆ, ಕೆರೆಬದಿಯ ತುಂಡು ಜಾಗವನ್ನು ಮಾರಬೇಕೆಂದು ಹೊರಟೆ. ಮೊದಲು ನೋಡಲು ಬಂದವನು ಊರವನೇ. ಬೈಕಿನಿಂದ ಇಳಿಯಲೂ ಇಲ್ಲ. “ಇಡೀ ಜೇಕೇ ಉಂಟಲ್ಲ ಮಾಸ್ತರ್ರೇ, ದೋಣಿ ಕಟ್ಟಿಕೊಳ್ಳೂದಾ?” ಎಂದು ನಕ್ಕು ಹೋದ. ನನಗೆ ಮೈಯೆಲ್ಲ ಉರಿಯಿತು. ಮರುದಿನ ಗುದ್ದಲಿ ಹಿಡಿದು ಜೇಕನ್ನೆಲ್ಲ ಕೆತ್ತಿ, ಒಣಗಿಸಿ, ಸುಟ್ಟೆ. “ಎಂತಕ್ಕೆ ಈ ಉಪದ್ವ್ಯಾಪ?” ಎಂದು ಹೆಂಡತಿ ಕೇಳಿದಳು. ಸ್ವಚ್ಛ ಮಾಡಿದ್ದು ಎಂದೆ.

ಎರಡನೆಯವಳಾಗಿ ಬಂದವಳು ತದಡಿಯ ಮೀನಿನ ಹೆಂಗಸು. ಹತ್ತಾರು ವರ್ಷದಿಂದ ನಮ್ಮ ಮನೆಗೆ ಬಂಗಡೆ, ತಾರ್ಲೆ ತಂದು ಕೊಡುತ್ತಿದ್ದವಳು. ವಿಧವೆ. ಅವಳ ಮನೆ ಅಳಿವೆಯ ಅಂಚಿನಲ್ಲಿತ್ತು. ಹುಣ್ಣಿಮೆ ಅಮಾವಾಸ್ಯೆಯ ಭರತಕ್ಕೆ ಉಪ್ಪುನೀರು ಒಲೆಯವರೆಗೂ ಬರುತ್ತಿತ್ತು. ನೀರು ಒಳಗೆ ಬಾರದ ಒಂದು ಮನೆ ಬೇಕು, ಅಷ್ಟೇ ಅವಳ ಆಸೆ. ಬುಟ್ಟಿ ಇಳಿಸಿದಾಗಲೆಲ್ಲ ಅದೇ ಮಾತು.

ಜಾಗ ನೋಡಲು ಬಂದವಳು ತನಗೆ ಗೊತ್ತಿದ್ದ ಪರೀಕ್ಷೆಯನ್ನೆಲ್ಲ ಮಾಡಿದಳು. ಕುಕ್ಕರಗಾಲಲ್ಲಿ ಕೂತು ನಾಲ್ಕು ಕಡೆ ಮಣ್ಣು ಕೆದಕಿದಳು. ತದಡಿ ಕಡೆ ನೀರು ಹತ್ತುವ ನೆಲದಲ್ಲಿ ಬೆಳಚಿನ ಕಪ್ಪೆಚಿಪ್ಪು ಸಿಗದೇ ಇರುವುದಿಲ್ಲ. ಇಲ್ಲಿ ಒಂದೂ ಸಿಗಲಿಲ್ಲ. ಚಿಟಿಕೆ ಮಣ್ಣನ್ನು ನಾಲಿಗೆಗೆ ಹಚ್ಚಿ ನೋಡಿದಳು. ಉಪ್ಪಿಲ್ಲ. ಮುಖ ಅರಳಿತು. ಮಳೆನೀರಿಗೆ ಚಿಪ್ಪೂ ಇಲ್ಲ, ಉಪ್ಪೂ ಇಲ್ಲ ಎಂದು ನಾನು ಹೇಳಬಹುದಿತ್ತು.

“ಆದ್ರೂ ಒಂದ್ಮಾತು ಕೇಳ್ತೆ ಮಾಸ್ತರ್ರೇ, ಇಲ್ಲಿ ನೀರು ಬತ್ತದಾ?”

“ಸಮುದ್ರದ ನೀರು ಇಲ್ಲಿಗೆ ಬರೂದಿಲ್ಲ ಮಾರಾಯ್ತಿ,” ಎಂದೆ.

ಅದು ಸುಳ್ಳಲ್ಲ. ಆ ಮಾತನ್ನು ಅಳೆದು ತೂಗಿ ಇಟ್ಟುಕೊಂಡೇ ಹೋಗಿದ್ದೆ. “ನೀವು ಹೇಳಿದ್ಮೇಲೆ ಆತು,” ಎಂದು ಅವಳು ಕೈಗೆ ಹತ್ತಿದ ಮಣ್ಣು ಕೊಡವಿಕೊಂಡಳು. ಊರವರು ಯಾರೂ ಅವಳಿಗೆ ಏನೂ ಹೇಳಲಿಲ್ಲ. ಮಾಸ್ತರರ ವ್ಯವಹಾರ, ನಮಗೇಕೆ ಎಂದುಕೊಂಡಿರಬೇಕು.

ಆ ಬೇಸಿಗೆ ಮುಗಿಯುವುದರೊಳಗೆ ಚಿರೆಕಲ್ಲಿನ ಎರಡು ಕೋಣೆ ಎದ್ದವು. ಗೃಹಪ್ರವೇಶಕ್ಕೆ ನನ್ನನ್ನು ಎಲ್ಲರಿಗಿಂತ ಮುಂದೆ ಕೂರಿಸಿ, ಬಾಳೆ ಎಲೆಯ ಮೇಲೆ ಎರಡು ಸಲ ಪಾಯಸ ಬಡಿಸಿದಳು. ನಾನು ಎರಡು ಸಲವೂ ಉಂಡೆ.

ಜುಲೈಯಲ್ಲಿ ನಾಲ್ಕು ದಿನ ಬಿಡದೆ ಮಳೆ ಹೊಡೆಯಿತು. ಐದನೆಯ ಬೆಳಿಗ್ಗೆ ಕೊಡೆ ಹಿಡಿದು ಹೋದೆ. ಏಕೆ ಹೋದೆನೋ, ಮನೆಯಲ್ಲಿ ಕೂರಲಾಗಲಿಲ್ಲ. ಅವಳ ಮನೆಯ ಸುತ್ತ ನೀರು, ನೀರಿನ ತುಂಬ ಹಸಿರು ಜೇಕು. ನಾನು ಕೆತ್ತಿದ್ದು ಮೇಲಿನದನ್ನಷ್ಟೇ, ಗಡ್ಡೆಗಳು ಮಣ್ಣಲ್ಲೇ ಉಳಿದಿದ್ದವು. ಒಳಗೆ ಅವಳು ಸೀರೆ ಎತ್ತಿ ಕಟ್ಟಿ, ಮೀನಿನ ಬೋಗುಣಿಯಿಂದ ನೀರು ಮೊಗೆದು ಹೊರಗೆ ಚೆಲ್ಲುತ್ತಿದ್ದಳು. ಅಕ್ಕಿಯ ಡಬ್ಬಿ ಮಂಚದ ಮೇಲಿತ್ತು.

ನನ್ನನ್ನು ಕಂಡು ಅವಳೇ ಸಮಾಧಾನ ಹೇಳಿದಳು. “ನೀವು ಬೇಜಾರು ಮಾಡ್ಕಣಬೇಡಿ. ನಿಮಗಾದ್ರೂ ಹೆಂಗೆ ಗೊತ್ತಾಗೂದು, ಪಾಪ.”

ಆ ಪಾಪ ಎಂಬ ಮಾತು ತಡೆಯಲಾಗಲಿಲ್ಲ. ನಾಚಿಕೆಯಿಂದ ಕಿವಿ ಬಿಸಿಯಾಯಿತು. “ಗೊತ್ತಿತ್ತು,” ಎಂದೆ. “ನೀನು ನೋಡಲು ಬರುವ ಮೊದಲೂ ಇಲ್ಲಿ ಇದೇ ಹುಲ್ಲಿತ್ತು. ನೀರು ನಿಲ್ಲುವಲ್ಲೇ ಬೆಳೆಯೂದು ಅದು. ನಾನೇ ಕೆತ್ತಿದೆ.”

ಅವಳು ಬೋಗುಣಿ ಹಿಡಿದು ನೆಟ್ಟಗಾದಳು. ಬೈಯುತ್ತಾಳೆ ಎಂದುಕೊಂಡೆ. ಮೀನು ಪೇಟೆಯಲ್ಲಿ ಅವಳ ಬಾಯಿಗೆ ಹೆದರದವರಿಲ್ಲ. ಬೈದಿದ್ದರೆ ಚೆನ್ನಾಗಿತ್ತು.

“ತದಡಿಲಿ ನೀರು ಹೇಳಿ ಬತ್ತಿತ್ತು ಮಾಸ್ತರ್ರೇ,” ಎಂದಳು. “ಇಂಥ ದಿನ, ಇಷ್ಟು ಹೊತ್ತಿಗೆ ಅಂತ. ನಾವು ಚಾಪೆ ಎತ್ತಿ ಇಟ್ಕಂತಿದ್ವು.”

ಆಮೇಲೆ ನನ್ನ ಕಡೆ ನೋಡದೆ ಮತ್ತೆ ಬಗ್ಗಿ ನೀರು ಮೊಗೆಯತೊಡಗಿದಳು.