ಅಪ್ಪನಿಗೊಂದು ಫುಲ್ ಟಿಕೆಟ್

ಬೆಳಿಗ್ಗೆ ಎಂಟೂಕಾಲಿಗೆ ಚನ್ನರಾಯಪಟ್ಟಣದ ಬಸ್ ನಿಲ್ದಾಣಕ್ಕೆ ಹೋದಾಗ ನನ್ನ ಬಳಿ ಇದ್ದದ್ದು ಒಂದು ಕೈಚೀಲ, ಆಧಾರ್ ಕಾರ್ಡು ಮತ್ತು ಬಿಳಿ ಬಟ್ಟೆ ಕಟ್ಟಿದ ಕುಡಿಕೆಯಲ್ಲಿ ಅಪ್ಪನ ಅಸ್ಥಿ. ಹೊಳೆನರಸೀಪುರ, ಅರಕಲಗೂಡು ದಾಟಿ ರಾಮನಾಥಪುರದಲ್ಲಿ ಕಾವೇರಿಗೆ ಬಿಡಬೇಕಿತ್ತು. ನನಗೆ ನಲವತ್ತೊಂದು ವರ್ಷ, ಬಸ್ಸು ಹತ್ತಿದ್ದು ಅವತ್ತೇ ಮೊದಲು. ಅಪ್ಪ ಬಾಡಿಗೆ ಕಾರು ಓಡಿಸುತ್ತಿದ್ದ. ಬಸ್ಸಿನ ಹೆಸರೆತ್ತಿದರೆ ಅವನಿಗೆ ಮೈಯೆಲ್ಲ ಉರಿ. ಸ್ಕೂಲು, ಕಾಲೇಜು, ಗಂಡನ ಮನೆ, ಎಲ್ಲಕ್ಕೂ ಅವನೇ ಬಿಟ್ಟುಬರುತ್ತಿದ್ದ. ಆಮೇಲೆ ನನಗೂ ಸ್ಕೂಟರ್ ಆಯಿತು.

ಅವನ ಕಾರು ಮನೆ ಮುಂದೆ ನಿಂತೇ ಇತ್ತು. ಅದು ಬೇಡವೆಂದವಳು ಅಪ್ಪನ ಅಕ್ಕ, ನನ್ನ ಸೋದರತ್ತೆ. "ಆ ಕಾರ್ನಾಗೆ ಬ್ಯಾಡ ಕಣವ್ವ. ಸ್ಟೇರಿಂಗ್ ಇಡ್ಕಂಡು ಕುಂತ್ರೆ ಇಳಿಯಾಕಿಲ್ಲ ಅವ್ನು. ಬಸ್ನಾಗೆ ಓಗು, ಒಬ್ಳೇ ಓಗು. ನಾಕು ಜನ ಕರುದ್ರೆ ಯಾರ ಇಂದೆ ಬರ್ಬೇಕು ಅಂತ ಗೊತ್ತಾಗಾಕಿಲ್ಲ. ಟಿಕೀಟು ತಗಂಡು ಪಕ್ಕದಾಗೆ ಕೂರುಸ್ಕ. ಅತ್ತಿಸ್ವಾಗ ಬಾ ಅನ್ನು, ಇಳುಸ್ವಾಗ ಇಳಿ ಅನ್ನು. ಅನ್ನದಿದ್ರೆ ಕುಂತೋನು ಕುಂತಂಗೇ ಇರ್ತಾನೆ. ಆಮೇಲೆ ನೀನು ಹೊಳೇಗೆ ಬುಡೋದು ಬರೀ ಬೂದಿ."

ನಾನು ನಂಬಿದೆ ಎಂದಲ್ಲ. ದೊಡ್ಡವರ ಮಾತು, ನಡೆಸಿದರೆ ಕಳೆದುಕೊಳ್ಳುವುದೇನು ಎಂದುಕೊಂಡೆ. ಮೆಟ್ಟಿಲ ಮೇಲೆ "ಬಾ ಅಪ್ಪ" ಎಂದು ಬಾಯೊಳಗೇ ಅಂದು ಹತ್ತಿ, ಕಿಟಕಿಯ ಪಕ್ಕ ಕೂತು, ಕುಡಿಕೆಯನ್ನು ತೊಡೆಯ ಮೇಲಿಟ್ಟುಕೊಂಡೆ.

ಕಂಡಕ್ಟರ್ ಐವತ್ತರ ಆಸುಪಾಸಿನ ಸಣಕಲು ಮನುಷ್ಯ. ಆಧಾರ್ ನೋಡಿ ನನಗೆ ಸೊನ್ನೆ ರೂಪಾಯಿಯ ಟಿಕೆಟ್ ಕೊಟ್ಟರು. ಇನ್ನೊಂದು ಫುಲ್ ಕೊಡಿ ಎಂದೆ.

"ಯಾರ್ಗಮ್ಮ?" ಎಂದವರು ಕುಡಿಕೆ ನೋಡಿದರು. "ತಂದೆಯವ್ರಾ?"

ಹೂಂ ಎಂದೆ. ಅವರು ನಗಲಿಲ್ಲ. ನಲವತ್ತೈದು ರೂಪಾಯಿ ತೆಗೆದುಕೊಂಡು ಟಿಕೆಟ್ಟನ್ನು ನನ್ನ ಪಕ್ಕದ ಖಾಲಿ ಸೀಟಿನ ಮೇಲಿಟ್ಟು ಮುಂದೆ ಹೋದರು. ಹೆಂಗಸರಿಗೆ ಬಿಟ್ಟಿ, ಸತ್ತ ಗಂಡಸಿಗೆ ಪೂರ್ತಿ ಚಾರ್ಜು! ಅಪ್ಪ ಬದುಕಿದ್ದರೆ ರಂಪ ಮಾಡುತ್ತಿದ್ದ.

ಊರು ದಾಟುವಷ್ಟರಲ್ಲಿ ಬಸ್ಸಿನಲ್ಲಿ ಎಳ್ಳು ಹಾಕಿದರೆ ಕೆಳಗೆ ಬೀಳದಷ್ಟು ಜನ. ಆದರೂ ಆ ಸೀಟಿನಲ್ಲಿ ಯಾರೂ ಕೂರಲಿಲ್ಲ, ಯಾರಾದರೂ ಬರುತ್ತಾರಾ ಎಂದು ಕೇಳಲೂ ಇಲ್ಲ. ಒಬ್ಬ ಅಜ್ಜಿ ಕಂಬಿ ಹಿಡಿದು ಜೋಲಿ ಹೊಡೆಯುವುದನ್ನು ನೋಡಲಾರದೆ ನಾನೇ "ಕೂತ್ಕೊಳ್ಳಿ ಅಜ್ಜಿ" ಎಂದೆ. ಅವಳು ಸೀಟಿನತ್ತ ನೋಡಿದಳು. "ಇರ್ಲಿ ಬುಡವ್ವ, ಅವ್ರು ಕೂತ್ಕಳ್ಳಿ" ಎಂದಳು. ಅವ್ರು ಎಂದರೆ ಯಾರು ಎಂದು ಕೇಳುವ ಧೈರ್ಯ ನನಗಾಗಲಿಲ್ಲ.

ಹೇಮಾವತಿಯ ಸೇತುವೆಗೆ ಮುಂಚೆ ಒಂದು ತಿರುವಿನಲ್ಲಿ ನನ್ನ ಭುಜದ ಮೇಲೆ ಭಾರ ಬಿತ್ತು, ತೂಕಡಿಸುವವರು ಪಕ್ಕದವರ ಮೇಲೆ ಒರಗಿದ ಹಾಗೆ. ಬಸ್ಸು ನೇರವಾದ ಮೇಲೂ ಅದು ತುಸು ಹೊತ್ತು ಹಾಗೇ ಇತ್ತು. ನಾನು ಆ ಕಡೆ ತಿರುಗಲಿಲ್ಲ.

ಹೊಳೆನರಸೀಪುರದಲ್ಲಿ ಇಳಿಯುತ್ತಿದ್ದಂತೆ ಯಾರೋ "ಅರಕಲಗೂಡು, ಅರಕಲಗೂಡು" ಎಂದು ಕೂಗಿದರು. ಜನ ಓಡಿದರು, ನಾನೂ ಓಡಿದೆ. ಎಲ್ಲರೂ ಕಿಟಕಿಯಿಂದ ಟವೆಲ್ಲು, ಚೀಲ ಎಸೆದು ಸೀಟು ಹಿಡಿಯುತ್ತಿದ್ದುದನ್ನು ಕಂಡು ನಾನೂ ಕೈಚೀಲ ಎಸೆದು, ನುಗ್ಗಿ, ಗೆದ್ದವಳಂತೆ ಕೂತೆ. ಬಸ್ಸು ಹೊರಟಿತು. ಒಬ್ಬ ದಪ್ಪನೆಯ ಆಸಾಮಿ ಬಂದು ನನ್ನ ಪಕ್ಕ ಧೊಪ್ಪನೆ ಕೂತ.

ಆಗ ನೆನಪಾಯಿತು. ಇಳಿ ಎಂದು ಹೇಳಿರಲಿಲ್ಲ. ಬಾ ಎಂದೂ ಹೇಳಿರಲಿಲ್ಲ. ನಂಬದವಳು ನಾನು, ಆದರೂ ಎದ್ದು ನಿಂತು ನಿಲ್ಲಿಸಿ ಎಂದು ಕೂಗಿಕೊಂಡೆ.

"ಏನ್ ಬುಟ್ಟು ಬಂದ್ರಮ್ಮ?" ಎಂದರು ಈ ಬಸ್ಸಿನ ಕಂಡಕ್ಟರ್.

"ನಮ್ಮಪ್ಪನ್ನ."

ಶೀಟಿ ಊದಿ ಇಳಿಸಿಬಿಟ್ಟರು. "ವಯಸ್ಸಾದವ್ರು, ಬಿರ್ನೆ ಓಗಿ" ಎಂದೂ ಹೇಳಿದರು.

ಎಂಬತ್ತು ರೂಪಾಯಿಗೆ ಆಟೋ ಹಿಡಿದು ಹಿಂದಿರುಗಿದೆ. ನನ್ನ ಟಿಕೆಟ್ಟಿನಲ್ಲಿದ್ದ ನಂಬರು ತೋರಿಸಿ ವಿಚಾರಿಸಿದರೆ ಆ ಬಸ್ಸು ಹಾಸನಕ್ಕೆ ಹೊರಟುಹೋಗಿ ಇಪ್ಪತ್ತು ನಿಮಿಷವಾಗಿತ್ತು. ಮುಂದಿನ ಬಸ್ಸಿಗೆ ಹಾಸನ ತಲುಪಿದಾಗ ಹನ್ನೆರಡೂವರೆ, ಸುಡುಬಿಸಿಲು. ನಿಲ್ದಾಣದ ಕೊನೆಯ ಸಾಲಿನಲ್ಲಿ ಅದು ಖಾಲಿಯಾಗಿ ನಿಂತಿತ್ತು. ಬೆಳಗಿನ ಕಂಡಕ್ಟರ್ ಮೆಟ್ಟಿಲ ಮೇಲೆ ಕೂತು ಚಿತ್ರಾನ್ನ ತಿನ್ನುತ್ತಿದ್ದರು. ನನ್ನನ್ನು ಕಂಡು ಅವರಿಗೆ ಆಶ್ಚರ್ಯವೇನೂ ಆಗಲಿಲ್ಲ.

"ಬತ್ತೀರಿ ಅಂತ ಗೊತ್ತಿತ್ತು" ಎಂದರು. "ನರಸೀಪುರದಿಂದ ನಲವತ್ತು ಜನ ನಿಂತ್ಕಂಡು ಬಂದ್ರು ಕಣಮ್ಮ. ಆ ಸೀಟ್ನಾಗೆ ಒಬ್ರೂ ಕೂರ್ಲಿಲ್ಲ."

ಅವರನ್ನು ದಾಟಿ ಒಳಗೆ ಹೋದೆ. ಹೊರಗೆ ಅಷ್ಟು ಬಿಸಿಲಿದ್ದರೂ ಆ ಸೀಟಿನ ರೆಕ್ಸಿನ್ ಮುಟ್ಟಿದರೆ ತಣ್ಣಗಿತ್ತು. ಅದರ ಮುಂದೆ ನಿಂತು "ಅಪ್ಪಾ, ತಪ್ಪಾಯ್ತು. ಇಳಿ" ಎಂದೆ. ಬಸ್ಸು ಒಮ್ಮೆ ಮೆಲ್ಲಗೆ ಅಲುಗಿತು. ನಾನಿನ್ನೂ ಒಂದು ಹೆಜ್ಜೆಯನ್ನೂ ಇಟ್ಟಿರಲಿಲ್ಲ. ಮೆಟ್ಟಿಲ ಮೇಲಿದ್ದ ಕಂಡಕ್ಟರ್ ಡಬ್ಬಿ ಎತ್ತಿಕೊಂಡು ಪಕ್ಕಕ್ಕೆ ಸರಿದು, ಯಾರಿಗೋ ದಾರಿ ಬಿಟ್ಟರು.

ನಾನು ಇಳಿದಾಗ ಅವರು ತಗ್ಗಿದ ದನಿಯಲ್ಲಿ ಹೇಳಿದರು: "ಅವ್ರ ಟಿಕೀಟು ನರಸೀಪುರದ ತನ್ಕ ಮಾತ್ರ ಇತ್ತಮ್ಮ." ನಾನು ದುಡ್ಡು ಕೊಟ್ಟೆ. ಅವರು ಟಿಕೆಟ್ ಹರಿದು, ಎರಡೂ ಕೈಯಲ್ಲಿ ಹಿಡಿದು ಕುಡಿಕೆಯ ಮೇಲಿಟ್ಟರು.

ಹಾಸನದಿಂದ ಅರಕಲಗೂಡಿಗೆ, ಅಲ್ಲಿಂದ ರಾಮನಾಥಪುರಕ್ಕೆ, ಪ್ರತಿ ಸಲವೂ ನಾಚಿಕೆ ಬಿಟ್ಟು ಗಟ್ಟಿಯಾಗಿ ಕರೆದೆ. ಜನ ತಿರುಗಿ ನೋಡಿದರು, ನೋಡಿಕೊಳ್ಳಲಿ. ಎರಡೂ ಬಸ್ಸಿನಲ್ಲಿ ಪಕ್ಕದ ಸೀಟು ಖಾಲಿ ಉಳಿಯಿತು. ಹೇಳಬೇಕೆಂದರೆ, ಹೆದರಿಕೆ ಹೋಗಿ ನನಗೆ ಹಿತವೆನಿಸತೊಡಗಿತ್ತು. ಇಷ್ಟು ದೂರ ಅಪ್ಪನ ಪಕ್ಕ ಕೂತು ಹೋಗಿ ಎಷ್ಟು ವರ್ಷವಾಗಿತ್ತೋ. ನಾಲ್ಕು ಗಂಟೆಗೆ ಮಂಡಿಯುದ್ದ ನೀರಿನಲ್ಲಿ ನಿಂತು, ಬಟ್ಟೆ ಬಿಚ್ಚಿ, ಕುಡಿಕೆ ಬಗ್ಗಿಸಿ, "ಇಳಿ ಅಪ್ಪ" ಎಂದೆ. ಬೂದಿ ಬೇಗನೆ ಹರಿದುಹೋಯಿತು.

ಹಿಂದಿರುಗುವ ಬಸ್ಸಿನಲ್ಲಿ ಕಂಡಕ್ಟರ್ ಎಷ್ಟು ಎಂದಾಗ ಒಂದೇ ಎಂದೆ. ಅರಕಲಗೂಡಿನಲ್ಲಿ ಜನ ತುಂಬಿಕೊಂಡರು. ಸೊಪ್ಪಿನ ಗಂಟು ಹೊತ್ತ ಹೆಂಗಸೊಬ್ಬಳು ನನ್ನ ಪಕ್ಕದ ಖಾಲಿ ಸೀಟಿನ ಹತ್ತಿರ ಬಂದಳು. ಅವಳು ತಡೆದು ನಿಲ್ಲಲಿ, ಆ ಅಜ್ಜಿಯಂತೆ ನೋಡಿ ಸುಮ್ಮನಾಗಲಿ ಎಂದು ಮನಸ್ಸು ಬೇಡಿಕೊಳ್ಳುತ್ತಿತ್ತು.

"ಯಾರಾನ ಕುಂತವ್ರಾ ಇಲ್ಲಿ?" ಎಂದು ಕೇಳಿದಳು.

ಉತ್ತರಕ್ಕೆ ಅವಳು ಕಾಯಲಿಲ್ಲ. ಗಂಟನ್ನು ಕಾಲ ಬಳಿ ತಳ್ಳಿ, ನನ್ನನ್ನು ಕಿಟಕಿಗೆ ಒತ್ತರಿಸಿ, ನೆಮ್ಮದಿಯಾಗಿ ಕೂತಳು.