ಬಾಟ್ಲಿ ಹಚ್ಚದ ಮಗಳು

ನಾನು ಇಪ್ಪತ್ತೆರಡು ವರ್ಷ ವಿಜ್ಞಾನ ಪಾಠ ಮಾಡಿದ ಮಾಸ್ತರ. ಆದರೂ ಕಾಯಿಲೆಯನ್ನು ಸಲಾಯಿನ್ ಬಾಟ್ಲಿಯಿಂದಲೇ ಅಳೆಯುತ್ತಿದ್ದೆ ಎಂದು ಮೊದಲೇ ಒಪ್ಪಿಕೊಂಡುಬಿಡುತ್ತೇನೆ. ನಮ್ಮ ಕಡೆ ಎಲ್ಲರೂ ಹಾಗೆಯೇ. ಆಸ್ಪತ್ರೆಗೆ ನೋಡಲು ಬಂದವರು ರೋಗಿಯ ಮುಖಕ್ಕಿಂತ ಮೊದಲು ಕಂಬಿಯ ಮೇಲೆ ಏನು ತೂಗುತ್ತಿದೆ ಎಂದು ನೋಡುತ್ತಾರೆ. ಬಾಟ್ಲಿ ಇದ್ದರೆ ಮೋಸಂಬಿ, ಎಳನೀರು, ಜೊತೆಗೆ ಒಂದಿಷ್ಟು ಕಣ್ಣೀರು. ಇಲ್ಲದಿದ್ದರೆ ಒಂದು ಬಿಸ್ಕೀಟು ಪುಡಿಕೆ, ಮೇಲೊಂದು ಅನುಮಾನದ ನೋಟ.

ವಾಡಿ ಸ್ಟೇಷನ್ನಿಗೆ ಹತ್ತಿರದ ಹನ್ನೆರಡು ಹಾಸಿಗೆಯ ಆಸ್ಪತ್ರೆಗೆ ನನ್ನ ತಾಯಿ ಜಾನಕೀಬಾಯಿಯನ್ನು ಜ್ವರವೆಂದು ಸೇರಿಸಿದ್ದೆ. ಎರಡನೆಯ ದಿನ ಬೆಳಿಗ್ಗೆ ಲುಂಬಿನಿ ಸಿಸ್ಟರ್ ಬಂದು ಅಮ್ಮನ ಕೈಯಿಂದ ಸೂಜಿ ತೆಗೆದುಬಿಟ್ಟರು.

ಈ ಲುಂಬಿನಿ ದಂಡೋತಿ ಊರಿನವರು. ಎಂಟು ವರ್ಷ ನರ್ಸ್ ಆಗಿ ದುಡಿದು, ಮತ್ತೆ ಎರಡು ವರ್ಷ ಹೆಚ್ಚಿನ ಓದು ಓದಿ ಬಂದವರು. ಡಾಕ್ಟರ್ ಸುರೇಶಕುಮಾರರ ಪಕ್ಕ ನಿಂತು ಪ್ರತಿ ಹಾಸಿಗೆಯ ಮುಂದೆ "ಇದು ಇವತ್ತೂ ಬೇಕೇನ್ರಿ? ಯಾಕ?" ಎಂದು ಕೇಳುವುದು ಅವರ ಕೆಲಸ. ಕಾರಣ ಇಲ್ಲವೆಂದರೆ ಸೂಜಿ ಹೊರಗೆ.

"ನಾ ಸೈನ್ಸ್ ಮಾಸ್ತರ ಇದ್ದೀನ್ರಿ! ಬಾಟ್ಲಿ ಯಾಕ ತೆಗದ್ರಿ?" ಎಂದು ಗುಡುಗಿದೆ.

"ಹಂಗಾದ್ರ ನಿಮಗ ಹೇಳೋದು ಸಸಾರ ಆತು ಸರ್ರಿ," ಎಂದು ಅವರು ತಮ್ಮ ವಹಿ ತೆರೆದು ತೋರಿಸಿದರು. "ಸುಮ್ಮಸುಮ್ಮನ ಸೂಜಿ ಇಟ್ಟಾಗ ಹತ್ತು ಮಂದ್ಯಾಗ ಮೂರು ಮಂದಿ ಕೈಗೆ ಬಾವು ಬರ್ತಿತ್ತು. ಬ್ಯಾಡಾದ ಕೂಡ್ಲೇ ತೆಗೀಲಿಕತ್ತ ಮ್ಯಾಲ ಒಬ್ಬರಿಗೂ ಬಂದಿಲ್ಲ. ನಿಮ್ಮ ತಾಯಿ ಆರಾಮ್ ನುಂಗ್ತಾರ, ಗುಳಿಗಿ ಸಾಕು."

ಪಾಠ ಮಾಡುವವನಿಗೇ ಪಾಠ! ನಾನು ಮುಖ ಗಂಟು ಹಾಕಿಕೊಂಡು ಕುಳಿತೆ.

ಅಂದೇ ಮಧ್ಯಾಹ್ನ ಹೊಟ್ಟೆ ಕೆಟ್ಟು ನಿತ್ರಾಣವಾದ ಒಬ್ಬ ಹೆಂಗಸು ಪಕ್ಕದ ಹಾಸಿಗೆಗೆ ಬಂದರು. ಹೆಸರು ಭೀಮಬಾಯಿ. ಲುಂಬಿನಿಯ ಹೆತ್ತ ತಾಯಿ! ನಾನು ಪೇಪರು ಮಡಚಿಟ್ಟೆ. ಇಡೀ ವಾರ್ಡು ಎದ್ದು ಕುಳಿತಿತು.

ಕುಡಿದದ್ದು ಹೊಟ್ಟೆಯಲ್ಲಿ ನಿಲ್ಲುತ್ತಿದೆ, ಉಪ್ಪು ಸಕ್ಕರೆಯ ಪುಡಿ ಕಲಸಿದ ನೀರು ಸಾಕು ಎಂದರು ಡಾಕ್ಟರು.

"ನಾಳಿಗಿ ನಾಲವಾರದಿಂದ ನಿಮ್ಮಣ್ಣನ ಹೆಂಡತಿ ಕಡೆ ಬೀಗರು ಬರಾಕತ್ತಾರ," ಎಂದರು ಭೀಮಬಾಯಿ. "ಬಾಟ್ಲಿ ಹಚ್ಚು ಲುಂಬಿನಿ. ನನ್ನ ಮಾನದ ಪ್ರಶ್ನಿ ಅದ."

ಡಾಕ್ಟರು ತಲೆ ಕೆರೆದುಕೊಂಡರು. "ನಿಮ್ಮವ್ವಗ ಒಂದು ಹಚ್ಚೇಬಿಡ್ರಿ ಸಿಸ್ಟರ್. ಯಾರು ಕೇಳ್ತಾರ?"

ಕೇಳುವುದಕ್ಕೆ ನಾನಿದ್ದೆನಲ್ಲ! ಲುಂಬಿನಿ ಸುತ್ತ ನೋಡಿದರು. ಅವ್ವನಿಗೆ ಹಚ್ಚಿದರೆ ನಾಳೆಯಿಂದ ಈ ವಾರ್ಡಿನಲ್ಲಿ ಅವರ ಮಾತನ್ನು ಯಾರೂ ಕೇಳುವುದಿಲ್ಲ. ಹಚ್ಚದಿದ್ದರೆ ಅವ್ವ ಬೀಗರ ಮುಂದೆ ತಲೆ ತಗ್ಗಿಸಬೇಕು.

"ಬ್ಯಾಡ್ರಿ ಸರ್," ಎಂದರು.

ಡ್ಯೂಟಿ ಮುಗಿದ ಮೇಲೆ ಲೋಟ ಮತ್ತು ಚಮಚ ಹಿಡಿದು ತಾಯಿಯ ಪಕ್ಕ ಕುಳಿತರು. ಭೀಮಬಾಯಿ ತುಟಿ ಬಿಗಿದುಕೊಂಡಿದ್ದರು. ಆದರೆ ಬೈಯಲು ಬಾಯಿ ತೆರೆಯಲೇಬೇಕಲ್ಲ. "ಮಂದಿಗೆಲ್ಲಾ ಬಾಟ್ಲಿ—" ಎನ್ನುವಷ್ಟರಲ್ಲಿ ಒಂದು ಚಮಚ ಒಳಗೆ. "ಹೆತ್ತವ್ವಗ ಬರೇ—" ಇನ್ನೊಂದು ಚಮಚ. ಆ ತಾಯಿ ಬೈಯುವುದರಲ್ಲಿ ಎತ್ತಿದ ಕೈ. ಕತ್ತಲಾಗುವಷ್ಟರಲ್ಲಿ ಒಂದು ಲೀಟರು ಹೊಟ್ಟೆ ಸೇರಿತ್ತು.

ಮರುದಿನ ಬೀಗ ರಾಮಲಿಂಗ ಹೆಂಡತಿಯೊಂದಿಗೆ ರೈಲಿಳಿದು ಬಂದ. ಬೀಗಿತ್ತಿ ಮೊದಲು ಕಂಬಿ ನೋಡಿದಳು. ಖಾಲಿ. ಚೀಲದೊಳಗೆ ಹೋದ ಕೈ ಮೋಸಂಬಿ ಬಿಟ್ಟು ಬಿಸ್ಕೀಟು ಪುಡಿಕೆ ಹಿಡಿದು ಹೊರಬಂದಿತು.

"ಬಾಟ್ಲಿನೂ ಹಚ್ಚಿಲ್ಲ? ಮಗಳು ಇದೇ ದವಾಖಾನ್ಯಾಗ ಅದಾಳ ಅಂತಿದ್ರಿ?"

ನನ್ನ ಅಮ್ಮನ ಚೀಟಿಯಲ್ಲಿ ಏನೋ ಬರೆಯುತ್ತಿದ್ದ ಲುಂಬಿನಿಯ ಪೆನ್ನು ನಿಂತಿತು.

ಭೀಮಬಾಯಿ ಯಾರ ಆಸರೆಯೂ ಇಲ್ಲದೆ ಎದ್ದು ಕುಳಿತರು. "ಬಾಟ್ಲಿ ಯಾರಿಗ ಬೇಕಾದ್ರೂ ಹಚ್ತಾರ್ರಿ ಬೀಗ್ತಿ. ಹಚ್ಚಿ ಚಾ ಕುಡ್ಯಾಕ ಹೋಗ್ತಾರ. ನನ್ನ ಮಗಳು ಡ್ಯೂಟಿ ಮುಗಿಸಿ, ಉಣಲಾರದ ಕುಂತು ಚಮಚಾಲೆ ಕುಡಿಸ್ಯಾಳ. ನಿಮಗ ಹಂಗ ಕುಡಿಸೋರು ಯಾರದಾರ, ಹೇಳ್ರಿ?"

ಬೀಗಿತ್ತಿ ಗಂಡನನ್ನು ನೋಡಿದಳು. ರಾಮಲಿಂಗ ಫ್ಯಾನು ನೋಡಿದ. ಮೋಸಂಬಿ ಹೊರಗೆ ಬಂದವು. ನನಗೆ ನಾಚಿಕೆಯಾಯಿತು, ಕಣ್ಣೂ ತುಂಬಿತು.

ಮರುದಿನದಿಂದ ಹೊಸ ತಾಪತ್ರಯ. ಎಲ್ಲರಿಗೂ ಚಮಚವೇ ಬೇಕು. ಪರದೆಯ ಆಚೆ ಮಲಗಿದ್ದ ಖಂಡೆಪ್ಪನೆಂಬ ರೋಗಿಗೆ ನಿಜವಾಗಿಯೂ ಬಾಟ್ಲಿ ಬೇಕಿತ್ತು. ಅವನೂ "ಸೂಜಿ ತೆಗೀರಿ, ನಾ ಏನ್ ಗತಿ ಇಲ್ಲದಾವ ಏನ್ರಿ?" ಎಂದು ಹಟ ಹಿಡಿದ. ಅವನ ಮುಂದೆ ಲುಂಬಿನಿ ವಹಿ ತೆರೆದು ಬಾಟ್ಲಿಯ ಪರವಾಗಿ ವಾದಿಸಬೇಕಾಯಿತು. ನನ್ನ ಅಮ್ಮನೂ ನನ್ನತ್ತ ನೋಡಿ ಬಾಯಿ ತೆರೆದು ಕುಳಿತರು.

ಮನೆಗೆ ಹೊರಟಾಗ ಭೀಮಬಾಯಿ ಮಗಳ ತೋಳು ಹಿಡಿದು ಪಿಸುಗುಟ್ಟಿದರು. "ಖರೇ ಹೇಳು. ಬಾಟ್ಲಿ ಖಾಲಿ ಆಗಿದ್ವು, ಅದಕ್ಕ ಹಚ್ಚಲಿಲ್ಲ, ಹೌದಿಲ್ಲೋ?"

"ಕಪಾಟ ತುಂಬ ಇದ್ವು ಯವ್ವಾ."

ಭೀಮಬಾಯಿ ಮಗಳ ಮುಖ ನೋಡಿದರು. ಚೀಲದಿಂದ ಒಂದು ಮೋಸಂಬಿ ತೆಗೆದು ಸುಲಿಯತೊಡಗಿದರು. "ನಿನ್ನ ತುಟಿ ಒಣಗ್ಯಾವ. ಮುಂಜಾನಿಂದ ಏನರ ಕುಡದೀಯೇನು?"

"ಯವ್ವಾ, ಡ್ಯೂಟ್ಯಾಗ—" ಎಂದು ಲುಂಬಿನಿ ಬಾಯಿ ತೆರೆದರು. ಭೀಮಬಾಯಿ ಒಂದು ತೊಳೆ ಒಳಗಿಟ್ಟರು.